ಟ್ಯಾಂಕಿಗೆ ಕಟ್ಟೆ, ಲಾರಿಗೆ ಗುಜರಿ

ಹಳೇ ಯುದ್ಧಟ್ಯಾಂಕ್ ಒಂದು ಸಿಕ್ಕಿದರೆ ಸಾಕು, ನಮ್ಮವರು ಅದಕ್ಕೊಂದು ಕಟ್ಟೆ ಕಟ್ಟಿಸಿ, ಬಣ್ಣ ಬಳಿಸಿ, ಸುತ್ತ ಹುಲ್ಲು ಬೆಳೆಸಿ, ಮಂತ್ರಿಗಳನ್ನು ಕರೆಸಿ ಟೇಪು ಕತ್ತರಿಸುತ್ತಾರೆ. ಮಡಿಕೇರಿಯ ಜನರಲ್ ತಿಮ್ಮಯ್ಯ ಮ್ಯೂಸಿಯಂನಲ್ಲಿ ಟ್ಯಾಂಕ್ ಇದೆ. ಕಾರವಾರದ ಕಡಲ ದಂಡೆಯಲ್ಲಿ ಐಎನ್‌ಎಸ್ ಚಪಲ್ ಅನ್ನೋ ಯುದ್ಧನೌಕೆಯನ್ನೇ ದಡಕ್ಕೆ ತಂದು ನಿಲ್ಲಿಸಿದ್ದಾರೆ. ಒಳ್ಳೇದೇ, ನನ್ನ ತಕರಾರಿಲ್ಲ. ಕೇಳಬೇಕಾದ್ದು ಒಂದೇ: ಆ ಟ್ಯಾಂಕಿಗೆ ಡೀಸೆಲ್ಲು, ಅದರ ಸಿಬ್ಬಂದಿಗೆ ಅಕ್ಕಿ-ಬೇಳೆ, ಅದರ ತೋಪಿಗೆ ಗುಂಡು ಹೊತ್ತು ತಂದ ಲಾರಿ ಎಲ್ಲಿ ಸ್ವಾಮಿ?

ಗುಜರಿಯಲ್ಲಿದೆ. ಕೆಜಿ ಲೆಕ್ಕದಲ್ಲಿ ಹೋಗಿದೆ.

ಶಕ್ತಿಮಾನ್ ಅಂದ್ರೆ ಇವತ್ತಿನ ಹುಡುಗರಿಗೆ ಟಿವಿಯಲ್ಲಿ ಗಿರಗಿರನೆ ಸುತ್ತುತ್ತಿದ್ದ ಹೀರೋ ಮಾತ್ರ. ಅದಕ್ಕೂ ಎಷ್ಟೋ ಮುಂಚೆ ಅದೊಂದು ಲಾರಿಯ ಹೆಸರು. 1958ರಲ್ಲಿ ಜರ್ಮನಿಯ ಎಂಎಎನ್ ಕಂಪನಿಯ ಜೊತೆ ಒಪ್ಪಂದವಾಗಿ, ಮರುವರ್ಷ ಜಬಲ್ಪುರದ ಸರ್ಕಾರಿ ಕಾರ್ಖಾನೆಯಿಂದ ಹೊರಬಿತ್ತು. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಎಳೆತ, ಉದ್ದ ಮೂತಿ, ಒರಟು ಮೈ. ಮುಂದೆ ಅದೇ ಜಬಲ್ಪುರದಲ್ಲಿ ನಿಸ್ಸಾನ್ ಪರವಾನಗಿಯ ಜೋಂಗಾ, ಒಂದು ಟನ್ನಿನ ನಿಸ್ಸಾನ್ ಗಾಡಿಗಳೂ ತಯಾರಾದವು. 1965ರಲ್ಲೂ 1971ರಲ್ಲೂ ನಮ್ಮ ಸೈನ್ಯ ಶಕ್ತಿಮಾನ್ ಏರಿಯೇ ಓಡಾಡಿತು. 1965ರಲ್ಲಿ ಅಬ್ದುಲ್ ಹಮೀದ್ ಜೀಪಿನ ಮೇಲಿನ ತೋಪಿನಿಂದ ಪ್ಯಾಟನ್ ಟ್ಯಾಂಕ್‌ಗಳನ್ನು ಹೊಡೆದರು, ಪರಮವೀರ ಚಕ್ರ ಬಂತು, ಜೀಪೂ ಚರಿತ್ರೆಗೆ ಸೇರಿತು. ಲಾರಿಗೆ ಆ ಭಾಗ್ಯವಿಲ್ಲ. ಅದು ಗುಂಡು ಹಾರಿಸಲಿಲ್ಲ, ಬರೀ ಹೊತ್ತಿತು. ಹೊರುವವರನ್ನು ನೆನಪಿಟ್ಟುಕೊಳ್ಳೋ ಅಭ್ಯಾಸ ನಮಗೆ ಮೊದಲಿಂದಲೂ ಕಡಿಮೆ.

ಸರ್ಕಾರದ ಮಾತು ಹಾಗಿರಲಿ. ಹಳೇ ಮಿಲಿಟರಿ ಗಾಡಿ ಹುಚ್ಚಿನವರು ಇದ್ದಾರಲ್ಲ, ಅವರು ಉಳಿಸ್ತಾರೆ ಅಂತೀರಾ? ಕೆಲವರು ಉಳಿಸುತ್ತಿದ್ದಾರೆ, ಅವರಿಗೆ ಕೈಮುಗಿದೆ. ಆದರೆ ‘ರಿಸ್ಟೋರೇಷನ್’ ಹೆಸರಲ್ಲಿ ನಡೆಯೋ ಬಹಳಷ್ಟು ಕೆಲಸ ಬರೀ ವೇಷ. ಮಹೀಂದ್ರಾದ ಎತ್ತರ ಬಾನೆಟ್ಟಿನ ಸಿಜೆ3ಬಿ ಜೀಪಿಗೆ ಹಸಿರು ಬಳಿದು, ಮೇಲೆ ಅಮೆರಿಕದ ಬಿಳಿ ನಕ್ಷತ್ರ ಅಂಟಿಸುತ್ತಾರೆ. ಆ ಮಾದರಿ ಹುಟ್ಟಿದ್ದೇ 1953ರಲ್ಲಿ. ಎರಡನೇ ಮಹಾಯುದ್ಧ ಮುಗಿದು ಎಂಟು ವರ್ಷ ಆಗಿತ್ತು ಮಾರಾಯ್ರೇ! ಭಾರತದ ಸೇನೆಯಲ್ಲಿ ದುಡಿದ ಗಾಡಿಗೆ ನಾರ್ಮಂಡಿಯ ನಕ್ಷತ್ರ ಯಾಕೆ ಬೇಕು? ಅದಕ್ಕೆ ತನ್ನದೇ ಚರಿತ್ರೆ ಇಲ್ವಾ?

ಇದೆ, ಓದುವ ತಾಳ್ಮೆ ಬೇಕು ಅಷ್ಟೇ. ಸೇನೆಯ ನಂಬರ್ ಪ್ಲೇಟಿನಲ್ಲಿ ಮೇಲ್ಮುಖದ ಬಾಣದ ಪಕ್ಕ ಇರೋ ಎರಡು ಅಂಕಿ ಆ ಗಾಡಿ ಸೇನೆಗೆ ಬಂದ ವರ್ಷವನ್ನು ಹೇಳುತ್ತೆ. ಮೂತಿಯ ಮೇಲಿನ ಹಳದಿ ವೃತ್ತದೊಳಗಿನ ಸಂಖ್ಯೆ, ಎಂಥಾ ಸೇತುವೆ ಇದರ ಭಾರ ತಡೆದೀತು ಅನ್ನೋದಕ್ಕೆ. ಹಿಂದಿನ ಆ್ಯಕ್ಸಲ್ಲಿನ ಗುಂಡನೆಯ ಭಾಗಕ್ಕೆ ಬಿಳಿ ಬಣ್ಣ, ಅದರ ಮೇಲೆ ಬೀಳುವಂತೆ ಒಂದು ಪುಟ್ಟ ದೀಪ: ಕತ್ತಲಲ್ಲಿ ಹೆಡ್‌ಲೈಟ್ ಆರಿಸಿ ಸಾಲಾಗಿ ಹೋಗುವಾಗ ಹಿಂದಿನ ಡ್ರೈವರ್ ಆ ಬಿಳಿ ಮಚ್ಚೆಯನ್ನೇ ನೋಡಿಕೊಂಡು ಬರಲಿ ಅಂತ. ಪದರ ಪದರವಾಗಿ ಬಿದ್ದ ಬಣ್ಣದ ಕೆಳಗೆ ಎಷ್ಟೋ ಸಲ ಹಳೇ ಪಡೆಯ ಗುರುತು ಇರುತ್ತೆ. ನಮ್ಮ ಗ್ಯಾರೇಜಿನವರು ಮೊದಲ ದಿನವೇ ಗ್ರೈಂಡರ್ ಹಿಡಿದು ಅದನ್ನೆಲ್ಲ ಕೆರೆದು ಬಿಸಾಕುತ್ತಾರೆ. ಆಮೇಲೆ ಅಗಲದ ಟೈರು, ಎಲ್‌ಇಡಿ ಸಾಲು, ಕಳ್ಳ ಬಾಣದ ಪ್ಲೇಟು. ಜೋಂಗಾ ಪೆಟ್ರೋಲ್ ಕುಡಿಯುತ್ತೆ ಅಂತ ಆರು ಸಿಲಿಂಡರಿನ ಮೂಲ ಎಂಜಿನ್ ಕಿತ್ತು ಯಾವುದೋ ಲಾರಿಯ ಡೀಸೆಲ್ ಎಂಜಿನ್ ತುರುಕೋದು. ಎಸ್ಟೇಟಿನಲ್ಲಿ ದಿನಾ ದುಡಿಯೋ ಗಾಡಿಗೆ ಹಾಗೆ ಮಾಡಿದರೆ ಅರ್ಥವಾಗುತ್ತೆ, ಹೊಟ್ಟೆಪಾಡು. ಶೋಕಿಗೆ ಮಾಡಿ ‘ಒರಿಜಿನಲ್ ಆರ್ಮಿ’ ಅಂತ ಫೋಟೋ ಹಾಕೋದಿದೆಯಲ್ಲ, ಅದು ಸುಳ್ಳು.

ಇನ್ನು ಕಾನೂನು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂತು. 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ಮೂಲದಂತೆಯೇ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ. ನಂಬರಿನಲ್ಲಿ ‘ವಿಎ’ ಅಂತ ಗುರುತು. ಸರಿಯಾದ ಹೆಜ್ಜೆಯೇ. ಆದರೆ ಅದು ಖಾಸಗಿ ಬಳಕೆಯ ಬೈಕು, ಕಾರುಗಳನ್ನು ಮನಸ್ಸಲ್ಲಿಟ್ಟುಕೊಂಡು ಬರೆದ ನಿಯಮ. ಮಹಾರಾಜರ ರೋಲ್ಸ್ ರಾಯ್ಸ್ ಅದರೊಳಗೆ ಆರಾಮಾಗಿ ಕೂರುತ್ತೆ. ಸರಕು ಹೊರುವ ಶಕ್ತಿಮಾನ್ ಎಲ್ಲಿ ಕೂರಬೇಕು? ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ವಾಹನವನ್ನು ವ್ಯಾಪಾರಕ್ಕೆ ಓಡಿಸದಿದ್ದರೆ ರಸ್ತೆ ತೆರಿಗೆಯೇ ಮಾಫಿ. ಅಲ್ಲಿ ಯುದ್ಧಕಾಲದ ಲಾರಿಗಳು ವರ್ಷಾವರ್ಷ ಮೆರವಣಿಗೆ ಹೊರಡೋದು ಸುಮ್ಮನೆ ಅಲ್ಲ. ಇಲ್ಲಿ ಒಬ್ಬ ಹರಾಜಿನಲ್ಲಿ ಲಾರಿ ಕೊಂಡರೆ ಮೊದಲು ನೆನಪಾಗೋದು ಗ್ಯಾಸ್ ಕಟರ್.

‘ಯುದ್ಧದ ಸಾಮಾನು ಪೂಜೆ ಮಾಡೋದು ಯಾಕ್ರೀ, ಯುದ್ಧದ ವೈಭವೀಕರಣ ಅದು’ ಅನ್ನೋರೂ ಇದ್ದಾರೆ. ಅವರಿಗೆ ನನ್ನ ಉತ್ತರ: ವೈಭವೀಕರಣ ಬೇಡವಾದರೆ ಮೊದಲು ಲಾರಿಯನ್ನು ಉಳಿಸಿ. ಕಟ್ಟೆ ಮೇಲೆ ತೋಪು ಎತ್ತಿ ನಿಂತ ಟ್ಯಾಂಕ್ ನೋಡಿದ ಮಗುವಿಗೆ ಯುದ್ಧ ಅಂದ್ರೆ ಢಂ ಅನ್ನೋ ಶಬ್ದ. ಲಾರಿಯ ಹಿಂದಿನ ಮರದ ಬೆಂಚಿನ ಮೇಲೆ ಹತ್ತು ನಿಮಿಷ ಕೂರಿಸಿ. ಧೂಳು, ಚಳಿ, ಕುಲುಕಾಟ, ಮನೆ ಬಿಟ್ಟು ಹೋದವರ ಮೌನ ಎಲ್ಲ ಅಲ್ಲಿದೆ.

ದೊಡ್ಡದೇನೂ ಕೇಳುತ್ತಿಲ್ಲ. ವಿಂಟೇಜ್ ನಿಯಮದೊಳಗೆ ಬಾಡಿಗೆಗೆ ಓಡದ ಹಳೇ ಲಾರಿಗಳಿಗೂ ಜಾಗ ಕೊಡಿ. ಹರಾಜಿನಲ್ಲಿ ಮಾರುವ ಗಾಡಿಯ ಜೊತೆ, ಗೋಪ್ಯ ಅನ್ನಿಸಿದ್ದನ್ನು ತೆಗೆದು, ಅದರ ಸೇವಾ ವಿವರವನ್ನೂ ಕೊಡಿ; ವಯಸ್ಸು, ಮೂಲ ರೂಪ ಎರಡನ್ನೂ ಕೊಂಡವನು ಹೇಗೆ ಸಾಬೀತು ಮಾಡಬೇಕು? ಮ್ಯೂಸಿಯಂನವರು ಟ್ಯಾಂಕಿನ ಪಕ್ಕ ಒಂದು ಲಾರಿ ನಿಲ್ಲಿಸಲಿ, ತಿಂಗಳಿಗೊಮ್ಮೆಯಾದರೂ ಸ್ಟಾರ್ಟ್ ಮಾಡಲಿ. ಹವ್ಯಾಸಿಗಳು ಗ್ರೈಂಡರ್ ಹಿಡಿಯೋ ಮುಂಚೆ ಕ್ಯಾಮೆರಾ ಹಿಡಿಯಲಿ.

ಇದೆಲ್ಲ ಜಬಲ್ಪುರದ ಕಥೆ, ನಮಗೇನು ಅನ್ನಬೇಡಿ. ನಮ್ಮ ಬೆಂಗಳೂರಿನ ಬಿಇಎಂಎಲ್ 1986ರಲ್ಲಿ ಜೆಕೊಸ್ಲೊವಾಕಿಯಾದ ಜೊತೆ ಒಪ್ಪಂದ ಮಾಡಿಕೊಂಡು ಟಾಟ್ರಾ ಲಾರಿ ಕೈಗೆತ್ತಿಕೊಂಡಿತು. ಪಿನಾಕ ರಾಕೆಟ್ ವ್ಯವಸ್ಥೆ ನಿಂತಿರೋದು ಅದರ ಬೆನ್ನ ಮೇಲೆ. ಆ ಮೊದಲ ತಲೆಮಾರಿನ ಗಾಡಿಗಳಿಗೂ ಈಗ ವಯಸ್ಸಾಯ್ತು. ಪಿನಾಕವನ್ನು ಮುಂದೊಂದು ದಿನ ಖಂಡಿತ ಕಟ್ಟೆ ಮೇಲೆ ಕೂರಿಸುತ್ತೀರಿ. ದಯವಿಟ್ಟು ಲಾರಿ ಸಮೇತ ಕೂರಿಸಿ.