ಕಳ್ಳನಾಟ ಅಂತ ಬೈಬ್ಯಾಡಿ

ಗುಬ್ಬಿ ಮನೇಲಿ ನಮ್ಮಕ್ಕನ ಮಗ 'ಥೀಫ್' ಆಡೋಕೆ ಕೂತ್ರೆ ನಮ್ಮವ್ವ, "ಕಳ್ತನ ಕಲೀತಾವ್ನೆ, ಆ ಕಂಪ್ಯೂಟ್ರು ಮಾರ್ಬಿಡಿ" ಅಂತಾಳೆ. ನಾನು ಮಾತ್ರ ಹುಡುಗನ ಕಡೆ.

1998ರ ಆಟ ಅದು. ಕೋಟೆ, ಪಂಜು, ದೆವ್ವ ಇರೋ ಕತ್ತಲ ಊರು. ಗ್ಯಾರೆಟ್ ಕಳ್ಳನೇ, ಸರಿ. ಆದ್ರೆ ಕತ್ತಿ ಬೀಸಿ ಗೆಲ್ಲೋ ಆಸಾಮಿ ಅಲ್ಲ. ನೀರಿನ ಬಾಣ ಬಿಟ್ಟು ಪಂಜು ಆರಿಸ್ತಾನೆ, ಮೂಲೇಲಿ ನಿಂತು ಕಾವಲಿನೋರ ಹೆಜ್ಜೆ ಕೇಳ್ತಾನೆ. ಜಮಖಾನದ ಮೇಲೆ ನಡೆದ್ರೆ ಸದ್ದಿಲ್ಲ, ಕಬ್ಬಿಣದ ಮೇಲೆ ಕಾಲಿಟ್ರೆ ಸಿಕ್ಕಾಕ್ಕೊಂಡಂಗೇ. ಎಲ್ಲಕ್ಕಿಂತ ಕಷ್ಟದ ಹಂತದಾಗೆ ಮನುಷ್ಯರನ್ನ ಕೊಲ್ಲೋಹಂಗಿಲ್ಲ, ಕೊಂದ್ರೆ ಸೋತಂಗೆ.

ಗುಂಡು ಹಾರ್ಸೋ ಆಟಕ್ಕೆ ಸುಮ್ಕಿರೋ ನಾವು, ತಾಳ್ಮೆ ಕೇಳೋ ಆಟಕ್ಕೆ ಹೆಸರು ನೋಡಿ ಬೈಯೋದು ಯಾವ ನ್ಯಾಯ? ರಾತ್ರಿ ಹತ್ತಕ್ಕೆ ನಿಲ್ಸು ಅನ್ನಿ, ಒಪ್ತೀನಿ. ಮಾರೋ ಮಾತಿಗೆ ಮುಂಚೆ ಹತ್ತು ನಿಮಿಷ ಪಕ್ಕದಾಗೆ ಕೂತು ನೋಡಿ.