ಹೊಗೆ ನಿಂತ ಮನೆ

ಆಲಂಕಾರಿನಲ್ಲಿ ನಮ್ಮ ಮನೆಯಿಂದ ಕೂಗಳತೆಯ ದೂರದಲ್ಲಿ ಒಂದು ಹಳೆಯ ಮನೆಯಿದೆ. ಇದೆ ಎನ್ನುವುದಕ್ಕಿಂತ ಇತ್ತು ಎನ್ನುವುದೇ ಮೇಲು. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಮುಂದೆ ಅಡಕೆ ಒಣಗಿಸುವ ವಿಶಾಲವಾದ ಅಂಗಳ. ಮಕ್ಕಳೆಲ್ಲ ಊರು ಬಿಟ್ಟ ಮೇಲೆ ಬಾಗಿಲಿಗೆ ಬೀಗ ಬಿದ್ದಿತು. ಕೆಲವು ಮಳೆಗಾಲಗಳು ಕಳೆಯುವಷ್ಟರಲ್ಲಿ ಮಾಡಿನ ನಡು ಮುರಿಯಿತು. "ಇದನ್ನು ಕೆಡವಿದವರು ಯಾರು?" ಎಂದು ನೆರೆಯ ಹಿರಿಯರೊಬ್ಬರನ್ನು ಕೇಳಿದೆ. ಅವರು ನಕ್ಕರು.

"ಯಾರೂ ಕೆಡವಲಿಲ್ಲ ಮಾಸ್ಟ್ರೇ. ಒಲೆಯ ಹೊಗೆ ನಿಂತಿತು, ಒರಲೆ ಏರಿತು. ಒಡೆದ ಹಂಚು ಬದಲಿಸುವವರಿಲ್ಲ, ಪಕ್ಕಾಸು ಕುಂಬಾಯಿತು. ಮತ್ತೆ ಮನೆ ತನ್ನಷ್ಟಕ್ಕೆ ಬಿತ್ತು."

ಆ ಮಾತನ್ನು ಕೇಳುತ್ತಿದ್ದಂತೆ ನನಗೆ ನೆನಪಾದುದು ಮೈಸೂರಿನ ಒಂದು ಕಟ್ಟಡ. ಅಲ್ಲಿ ಎಂ.ಎ. ಓದುತ್ತಿದ್ದ ದಿನಗಳಲ್ಲಿ ಜಗನ್ಮೋಹನ ಅರಮನೆಯ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡಕ್ಕೆ ನಾನು ಆಗಾಗ ಹೋಗುತ್ತಿದ್ದೆ. ವೈಸರಾಯ್ ಲಾರ್ಡ್ ಲ್ಯಾನ್ಸ್‌ಡೌನರ ಭೇಟಿಯ ನೆನಪಿಗಾಗಿ 1892ರಲ್ಲಿ ಕಟ್ಟಿದ ಆ ಅಂಗಡಿಸಾಲಿನಲ್ಲಿ ಹಳೆಯ ಪುಸ್ತಕಗಳ ಮಳಿಗೆಗಳಿದ್ದವು. ವಿದ್ಯಾರ್ಥಿಯ ಬಡ ಕಿಸೆಗೂ ಎಟಕುವ ಬೆಲೆಗೆ ಅಲ್ಲಿ ದೊರೆತ ನಿಘಂಟೊಂದು ಇಂದಿಗೂ ನನ್ನ ಮೇಜಿನ ಮೇಲಿದೆ.

2012ರ ಆಗಸ್ಟ್ 25ರಂದು ಆ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಮಳಿಗೆಗಳು ತೆರವಾದವು, ಕಟ್ಟಡಕ್ಕೆ ಬೀಗ ಬಿದ್ದಿತು. ನಾಲ್ಕು ವರ್ಷಗಳ ಅನಂತರ, 2016ರ ಆಗಸ್ಟಿನಲ್ಲಿ, ಸಮೀಪದ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರವು ದುರಸ್ತಿ ನಡೆಯುತ್ತಿದ್ದ ಕಾಲದಲ್ಲೇ ಉರುಳಿತು. ಅಲ್ಲಿಂದಾಚೆಗೆ ವಾದವೋ ವಾದ! ಎರಡನ್ನೂ ಕೆಡವಿ ಅದೇ ಆಕಾರದಲ್ಲಿ ಹೊಸದಾಗಿ ಕಟ್ಟಬೇಕೆಂದು ಒಂದು ಪಕ್ಷ; ಹಳೆಯದನ್ನೇ ಬಲಪಡಿಸಿ ಉಳಿಸಬಹುದೆಂದು ಇನ್ನೊಂದು ಪಕ್ಷ. ಎರಡು ಕಡೆಯಲ್ಲೂ ತಜ್ಞರಿದ್ದರು, ವರದಿಗಳಿದ್ದವು. ನಗರಪಾಲಿಕೆ ಕೆಡವಿ ಕಟ್ಟುವ ಕಡೆಗೆ ವಾಲಿತು. ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲನ್ನೇರಿತು.

ಕೆಡವಬೇಕೆನ್ನುವವರೆಲ್ಲ ಪರಂಪರೆಯ ವೈರಿಗಳೆಂದು ಹೇಳುವುದು ಸುಲಭ, ಆದರೆ ನ್ಯಾಯವಲ್ಲ. ನಾಲ್ಕು ಮನೆಗಳ ದೀಪ ಆರಿಸಿದ ಗೋಡೆಯ ಕೆಳಗೆ ಮತ್ತೆ ಜನರನ್ನು ಕೂರಿಸುವ ಹೊಣೆಯನ್ನು ಯಾವ ಸದಸ್ಯ ತಾನೇ ಹೊತ್ತಾನು? ನನ್ನ ತಕರಾರು ಬೇರೆ. ಕೆಡವುವ ನಿರ್ಣಯ ಸಭೆಯಲ್ಲಿ ಮಂಡಿತವಾಗುವುದಕ್ಕೆ ಬಹಳ ಮೊದಲೇ, ಯಾರ ಸಹಿಯೂ ಇಲ್ಲದೆ, ಅದು ಆಗಿಹೋಗಿರುತ್ತದೆ. ಇಂತಹ ಹಳೆಯ ಕಟ್ಟಡಗಳು ಇಟ್ಟಿಗೆ, ಸುಣ್ಣದ ಗಾರೆ, ಮರದ ತೊಲೆಗಳಿಂದ ಆದಂಥವು. ಮಾಳಿಗೆಯಲ್ಲಿ ನೀರು ನಿಂತರೆ ಗೋಡೆಯೊಳಗೆ ಹುದುಗಿದ ತೊಲೆಯ ತುದಿ ಮೊದಲು ಕೊಳೆಯುತ್ತದೆ. ಬಿರುಕಿನಲ್ಲಿ ಬಿದ್ದ ಅರಳಿಯ ಬೀಜ ಬೇರೂರಿ ಗಾರೆಯನ್ನು ಸೀಳುತ್ತದೆ. ಮೇಲೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಬರಲಾರದೆ ಕೇಡು ಇಮ್ಮಡಿಸುತ್ತದೆ. ಗಿಡ ಚಿಕ್ಕದಿದ್ದಾಗ ಒಬ್ಬ ಆಳಿನ ಅರ್ಧ ದಿನದ ಕೆಲಸ; ಮರವಾದ ಮೇಲೆ ಸಮಿತಿ, ಅಂದಾಜುಪಟ್ಟಿ, ಗುತ್ತಿಗೆ.

ಕಾನೂನು ಇದೆಯಲ್ಲ ಎನ್ನಬಹುದು. ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯವೆಂದು 2010ರ ತಿದ್ದುಪಡಿ ವಿಧಿಸಿದೆ. ಆದರೆ ಆ ರಕ್ಷೆ ಪಟ್ಟಿಯಲ್ಲಿ ಹೆಸರಿರುವ ಸ್ಮಾರಕಗಳಿಗೆ ಮಾತ್ರ. ಅಲ್ಲದೆ, ಅಳತೆಪಟ್ಟಿಯು ಹೊಸ ಕಟ್ಟಡವನ್ನು ದೂರವಿಡಬಲ್ಲುದೇ ಹೊರತು ಹಳೆಯ ಮಾಡಿನ ಸೋರಿಕೆಯನ್ನು ನಿಲ್ಲಿಸಲಾರದು.

ಪಾಳುಬಿದ್ದ ಸ್ಥಳಕ್ಕೆ ಹೊಸ ಬಾಳು ಕೊಡುವುದು ಅಸಾಧ್ಯವೇನಲ್ಲ. ಬೆಂಗಳೂರಿನ ಕೇಂದ್ರ ಕಾರಾಗೃಹವು 2000ದಲ್ಲಿ ಪರಪ್ಪನ ಅಗ್ರಹಾರಕ್ಕೆ ಸ್ಥಳಾಂತರಗೊಂಡಾಗ ನಗರದ ನಡುವೆ ಸುಮಾರು 21 ಎಕರೆ ಜಾಗ ಬರಿದಾಯಿತು. ಅದು ತುರ್ತುಪರಿಸ್ಥಿತಿಯ ಕಾಲದಲ್ಲಿ ದೇಶದ ನಾಯಕರನ್ನು ಬಂಧಿಸಿಟ್ಟಿದ್ದ ಜಾಗ. 2008ರಲ್ಲಿ ಅದು ಸ್ವಾತಂತ್ರ್ಯ ಉದ್ಯಾನವಾಗಿ ತೆರೆಯಿತು. ಕಾವಲು ಗೋಪುರ ಉಳಿಯಿತು. ಒಂದು ಭಾಗ ಪ್ರತಿಭಟನೆಗೆ ಮೀಸಲಾಯಿತು. ಬಾಯಿ ಕಟ್ಟಿದ್ದ ಜಾಗವೇ ಬಾಯಿ ತೆರೆಯುವ ಜಾಗವಾದುದು ಸಾಮಾನ್ಯ ಸಂಗತಿಯಲ್ಲ. ಕಾರಣ ಸರಳ: ಆ ನೆಲಕ್ಕೆ ದಿನನಿತ್ಯದ ಕೆಲಸವೊಂದು ದೊರೆಯಿತು.

ಇದೆಲ್ಲ ಮಹಾನಗರಗಳ ಮಾತು, ನಮಗೇಕೆ ಎಂದು ನಮ್ಮವರು ಕೇಳಿಯಾರು. 1837ರಲ್ಲಿ ಅಮರ ಸುಳ್ಯದ ರೈತರು ವಶಪಡಿಸಿಕೊಂಡ ಖಜಾನೆಯಿದ್ದ ಬೆಳ್ಳಾರೆ ನಮ್ಮ ನೆರೆಯದೇ. ಅಲ್ಲಿಂದ ಮುಂದುವರಿದವರು ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡದಲ್ಲಿ ಧ್ವಜ ಹಾರಿಸಿದರು. 2022ರ ನವೆಂಬರಿನಲ್ಲಿ ಅದೇ ಗುಡ್ಡದಲ್ಲಿ ಕೆದಂಬಾಡಿ ರಾಮಯ್ಯಗೌಡರ ಪ್ರತಿಮೆ ಅನಾವರಣಗೊಂಡಿತು. ಸಂತೋಷವೇ. ಆದರೆ ಪ್ರತಿಮೆಗೆ ಹಂಚು ಬೇಡ, ಕಟ್ಟಡಕ್ಕೆ ಬೇಕು. ಮಕ್ಕಳಿಲ್ಲದೆ ಮುಚ್ಚಿದ ಹಂಚಿನ ಶಾಲೆ, ಕಚೇರಿ ಬೇರೆಡೆಗೆ ಹೋದ ಮೇಲೆ ಬರಿದಾದ ಹಳೆಯ ಬಂಗಲೆ, ಇವು ನಮ್ಮ ಸೀಮೆಯಲ್ಲಿ ಅಪರೂಪವಲ್ಲ.

ಗ್ರಾಮಸಭೆಯಲ್ಲಿ ಕೈಯೆತ್ತಿ ಮಾತಾಡುವ ಹಕ್ಕು ನಮಗೆಲ್ಲರಿಗೂ ಉಂಟು. ಅಂತಹ ಕಟ್ಟಡದ ಪ್ರಸ್ತಾಪ ಬಂದಾಗ "ಉಳಿಸುವುದೋ, ಕೆಡವುವುದೋ?" ಎಂದು ಕೂಗಾಡುವುದಕ್ಕೆ ಮೊದಲು ಎರಡು ಪ್ರಶ್ನೆ ಕೇಳೋಣ. ಬೀಗ ಹಾಕುವ ದಿನವೇ ಇದರ ಮುಂದಿನ ಉಪಯೋಗ ನಿಶ್ಚಯವಾಗಿದೆಯೇ? ಅದಾಗುವವರೆಗೆ, ಬರುವ ಮಳೆಗಾಲಕ್ಕೆ ಮುಂಚೆ, ಮಾಡಿಗೆ ಏಣಿಯಿಟ್ಟು ಹತ್ತುವವರು ಯಾರು?

ನೆರೆಯ ಹಿರಿಯರಿಗೆ ಈ ಬರಹವನ್ನು ಓದಿ ಹೇಳಿದೆ. ಎಲ್ಲವನ್ನೂ ಕೇಳಿ ಅವರು ಅಂದದ್ದು ಇಷ್ಟೆ: "ಏಣಿ ನಮ್ಮಲ್ಲುಂಟು ಮಾಸ್ಟ್ರೇ. ಪಂಚಾಯತಿನವರಿಗೆ ಬೇಕಾದರೆ ಕೊಡುವ."