ಉದ್ದ ಶಬ್ದಕ್ಕೆ ಮರುಳಾಗಬೇಡಿ



ಇಂಗ್ಲಿಷಿನಲ್ಲಿ 29 ಅಕ್ಷರಗಳ ಒಂದು ಶಬ್ದವಿದೆ: ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್. ಪಕ್ಕದ ಮನೆಯ ಕೂಸು ಇಂಥದೊಂದನ್ನು ಪಟಪಟನೆ ಒಪ್ಪಿಸಿದರೆ ನೀವು ಬೆರಗಾಗುತ್ತೀರಿ. ಜೂನ್ ಬರುತ್ತಲೇ ನಿಮ್ಮ ಮಗುವಿನ ದಾಖಲೆ ಕೇಳಲು ಕನ್ನಡ ಶಾಲೆಗೆ ಬರುತ್ತೀರಿ. ಆ ಕೂಸಿಗೆ ಅದರ ಅರ್ಥ ಗೊತ್ತೇ ಎಂದು ಕೇಳಿದಿರಾ? ಅರ್ಥ ಇಷ್ಟೇ: ಒಂದನ್ನು ಬೆಲೆಯಿಲ್ಲದ್ದೆಂದು ತಳ್ಳಿಹಾಕುವುದು. ಕನ್ನಡದಲ್ಲಿ ಹೇಳಿದರೆ ಎರಡನೆಯ ಇಯತ್ತೆಯ ಮಗುವಿಗೂ ತಿಳಿಯುತ್ತದೆ. ಶಬ್ದ ಯಾವ ಭಾಷೆಯದಾದರೂ ಅರ್ಥ ಮೊದಲು ಹೊಳೆಯುವುದು ಮನೆಮಾತಿನಲ್ಲಿಯೇ.

ಇಂಗ್ಲಿಷ್ ಬೇಡವೆಂದು ಯಾರು ಹೇಳಿದರು? ಮಹಾರಾಷ್ಟ್ರದಲ್ಲಿ 2000ರಿಂದ ಒಂದನೆಯ ಇಯತ್ತೆಯಿಂದಲೇ ಇಂಗ್ಲಿಷ್ ಕಲಿಸಲಾಗುತ್ತಿದೆ. ನಮ್ಮ ಮಕ್ಕಳು ಮರಾಠಿಯನ್ನೂ ಕಲಿಯುತ್ತಾರೆ. ಕಲಿಯಲಿ, ಆದರೆ ಬುನಾದಿ ಕನ್ನಡದ್ದಿರಲಿ.

1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆನ್ನುತ್ತದೆ. ಆದರೆ ಶಿಕ್ಷಕರ ಹುದ್ದೆ ನಿಂತಿರುವುದು ಮಕ್ಕಳ ಸಂಖ್ಯೆಯ ಮೇಲೆ. ಹಾಜರಿ ಪುಸ್ತಕವೇ ಬರಿದಾದರೆ ಯಾವ ಆಧಾರದ ಮೇಲೆ ಶಿಕ್ಷಕರನ್ನು ಕೇಳೋಣ?

ಜತ್ತ ತಾಲೂಕಿನ ಕನ್ನಡ ಶಾಲೆಗಳನ್ನು ಬೆಲೆಯಿಲ್ಲದ್ದೆಂದು ತಳ್ಳಿ, ಆ 29 ಅಕ್ಷರದ ಶಬ್ದಕ್ಕೆ ನಾವೇ ಉದಾಹರಣೆಯಾಗುವುದು ಬೇಡ.